ಬೊಗಸೆ ನುಚ್ಚಿನ ಮಗಳು

ನಾಗರತ್ನಾ ಮೂರು ಕೂಸುಗಳನ್ನು ಹೆತ್ತು ಮೂರನ್ನೂ ಮಣ್ಣಿಗೆ ಕೊಟ್ಟವಳು. ನಾಲ್ಕನೆಯದು ಹುಟ್ಟಿದ ಐದನೆಯ ದಿನ ಅತ್ತೆ ಮೈಲಾರವ್ವ ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಿ, ಬಾಜೂ ಮನೆಯ ಜಹೀರಾಳಿಗೆ ಮಾರಿಬಂದಳು. ಬೆಲೆ ಒಂದು ಬೊಗಸೆ ನುಚ್ಚು. ಆ ನುಚ್ಚನ್ನು ಅಂದೇ ಕುದಿಸಿ ಬಾಣಂತಿಗೆ ಉಣ್ಣಿಸಿದರು. ಯಮನೂರಿನ ಆ ಓಣಿಗೆ ಇದು ಹೊಸದಲ್ಲ. ಮಾರಿದ ಕೂಸು ಹೆತ್ತವಳದ್ದಲ್ಲ. ಹೆತ್ತವಳದ್ದಲ್ಲದ ಕೂಸನ್ನು ಹುಡುಕಿಕೊಂಡು ಸಾವು ಆ ಮನೆಗೆ ಬರುವುದಿಲ್ಲ. ಜಹೀರಾ ಕೂಸಿಗೆ ಸೀಮಾ ಎಂದು ಹೆಸರಿಟ್ಟು, ಸಂಜೆಗೆ "ಸಾಕಾಕ ಕೊಟ್ಟೇನಿ ನೋಡವಾ, ಚಂದಂಗ ನೋಡ್ಕೊ" ಎಂದು ಮತ್ತೆ ನಾಗರತ್ನಾಳ ಉಡಿಗೆ ಹಾಕಿದಳು.

ಕರಾರು ಒಂದೇ. "ನನ್ನ ಮಗಳು" ಎಂಬ ಮಾತು ನಾಗರತ್ನಾಳ ಬಾಯಿಂದ ಬರಕೂಡದು. ಬಂದ ದಿನ ಮಾರಾಟ ಮುರಿಯಿತು, ಸಾವಿಗೆ ಮನೆಯ ಗುರುತು ಸಿಕ್ಕಿತು.

ಹದಿನೇಳು ವರ್ಷ ಅವಳು ಆ ಮಾತು ಆಡಿರಲಿಲ್ಲ. ಸಾಲಿಯ ಅರ್ಜಿಯಲ್ಲಿ, ರೇಷನ್ ಕಾರ್ಡಿನಲ್ಲಿ ತಾಯಿಯ ಹೆಸರು ನಾಗರತ್ನಾ ಎಂದೇ ಇತ್ತು. ಕಾಗದಕ್ಕೆ ಕಿವಿಯಿಲ್ಲ, ಅದಕ್ಕೆ ಅಡ್ಡಿಯಿಲ್ಲ ಎಂದು ಮೈಲಾರವ್ವ ಸಾಯುವ ಮುಂಚೆ ಹೇಳಿ ಹೋಗಿದ್ದಳು. ಯಾರಾದರೂ "ಇಕಿ ನಿಮ್ಮ ಮಗಳೇನ್ರಿ?" ಎಂದರೆ ನಾಗರತ್ನಾ, "ಜಹೀರಾನ ಮಗಳ್ರೀ, ನಮ್ಮನ್ಯಾಗ ಬೆಳದಾಳ" ಎನ್ನುವಳು. ಸೀಮಾಳಿಗೆ ಜಹೀರಾ ಅಮ್ಮಿ, ನಾಗರತ್ನಾ ಚಿಗವ್ವ. ಜ್ವರ ಬಂದಾಗ ಎದೆಗೊತ್ತಿಕೊಂಡು ಕೂತವಳು ಚಿಗವ್ವ. ತಲೆ ಬಾಚಿದವಳು, ಮುಳ್ಳು ತೆಗೆದವಳು, ಹಟ ಮಾಡಿದ ದಿನ ಬಾಯಿಗೆ ತುತ್ತಿಟ್ಟವಳು ಎಲ್ಲ ಅವಳೇ. ಆದರೂ ಚಿಗವ್ವ.

ಚಿಕ್ಕವಳಿದ್ದಾಗ ಸೀಮಾ ಇದನ್ನೊಂದು ಆಟವೆಂದುಕೊಂಡು ನಗುತ್ತಿದ್ದಳು. ಹತ್ತನೆಯ ಇಯತ್ತೆಗೆ ಬರುವ ಹೊತ್ತಿಗೆ ನಗು ನಿಂತಿತ್ತು. "ಒಂದ್ ಸಲ ಅನ್ನು ಚಿಗವ್ವಾ, ಏನಾಗತೈತಿ ನೋಡೂಣು" ಎಂದು ಒಮ್ಮೆ ಕೇಳಿದ್ದಳು. ನಾಗರತ್ನಾ ಎದ್ದು ಹೋಗಿ ದನಕ್ಕೆ ನೀರಿಟ್ಟಿದ್ದಳು. ಆಮೇಲೆ ಹುಡುಗಿ ಕೇಳಲಿಲ್ಲ. ಗಂಡ ಬೀರೇಶ ಕುರಿ ಹಿಂಡಿನ ಹಿಂದೆ ವರ್ಷದ ಎಂಟು ತಿಂಗಳು ಹೊರಗೇ ಇರುವವನು. ಮನೆಯಲ್ಲಿ ಇಬ್ಬರೇ ಹೆಂಗಸರು, ನಡುವೆ ಆ ಆಡದ ಮಾತು.

ಸೀಮಾ ಈಗ ನವಲಗುಂದಕ್ಕೆ ದಿನಾ ಹೋಗಿಬಂದು ಓದುತ್ತಿದ್ದಳು, ಪಿಯುಸಿ ಎರಡನೆಯ ವರ್ಷ. ಅವಳ ಮೊಬೈಲಿನಲ್ಲಿ ಒಂದು ಆಟ ಇತ್ತು. ಕೋಟೆ, ಕಾಡು, ಮಾಟಗಾತಿಯರು, ರೆಕ್ಕೆಯ ಕುದುರೆಗಳು. ಐದು ಮಂದಿ ತಮ್ಮ ತಮ್ಮ ಊರಲ್ಲೇ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಆ ಪಾತ್ರದ ಬಾಯಲ್ಲೇ ಮಾತಾಡುತ್ತ ಆಡುವುದು. ಅಣ್ಣಿಗೇರಿಯ ಫಕೀರೇಶ ಗುಂಪಿಗೆ ಯಜಮಾನ. ಪಾತ್ರದ ಹಿಂದಿನ ಕಥೆ ಬರೆದು ಓದದೆ ಯಾರನ್ನೂ ಅವನು ಕೋಟೆಯೊಳಗೆ ಬಿಡುತ್ತಿರಲಿಲ್ಲ. ಕಥೆಗೆ ಅವನದೇ ಮೂರು ಪ್ರಶ್ನೆ. ಪಾತ್ರಕ್ಕೆ ಏನು ಬೇಕು? ಅದನ್ನು ಕಸಿದವರು ಯಾರು? ಪಾತ್ರ ಬಾಯಿಬಿಟ್ಟು ಹೇಳಲಾರದ ಮಾತು ಯಾವುದು?

ಸೀಮಾ ಕೆಂಡಿ ಎಂಬ ಕತ್ತಿ ಹಿಡಿದ ಹೆಣ್ಣನ್ನು ಮಾಡಿಕೊಂಡಿದ್ದಳು. ಕೆಂಡಿಯ ಅಪ್ಪ ಅವ್ವರನ್ನು ರಾಕ್ಷಸ ಕೊಂದ, ಅದಕ್ಕೇ ಅವಳು ಸೇಡಿಗೆ ಹೊರಟಳು ಎಂದು ಬರೆದು ಓದಿದಾಗ ಫೋನಿನೊಳಗಿಂದ ಬಂದ ನಗು ಒಲೆಯ ಮುಂದಿದ್ದ ನಾಗರತ್ನಾಳಿಗೂ ಕೇಳಿತು.

"ಎಲ್ಲಾರ ಅಪ್ಪ-ಅವ್ವನ್ನೂ ರಾಕ್ಷಸನ ಕೊಲ್ತಾನ ಲೇ," ಅಂದ ಫಕೀರೇಶ. "ಆ ರಾಕ್ಷಸಗ ಬ್ಯಾರೆ ಉದ್ಯೋಗ ಇಲ್ಲೇನ? ನಿಂದಂತ ಏನರ ತಗೊಂಡು ಬಾ. ಇಲ್ಲಾಂದ್ರ ಕುದುರಿ ತೊಳಿಯೂ ಕೆಲಸ ಕೊಡತೇನಿ."

ಮುಬಶಿರಾ ಎಂಬ ಇನ್ನೊಬ್ಬ ಹುಡುಗಿ, "ಕುದುರಿನೂ ಒಲ್ಲೆ ಅಂತೈತಿ" ಅಂದಳು.

ಸೀಮಾ ಫೋನು ಪಕ್ಕಕ್ಕೆ ಎಸೆದು ಗೋಡೆಗೆ ಒರಗಿ ಕೂತಳು. ಎಷ್ಟೋ ದಿನಗಳ ಮೇಲೆ ತಾನಾಗಿ ಮಾತಾಡಿದಳು. "ಚಿಗವ್ವಾ, ಒಬ್ಬಾಕಿ ಮನಿ ಬಿಟ್ಟು ಕತ್ತಿ ಹಿಡೀಬೇಕಂದ್ರ ಏನಾಗಿರಬೇಕು?"

ನಾಗರತ್ನಾಳಿಗೆ ಹಿಗ್ಗಾಯಿತು. ಹುಡುಗಿ ತನ್ನನ್ನು ಕೇಳುತ್ತಿದ್ದಾಳೆ! ರೊಟ್ಟಿ ಬಡಿಯುವ ಕೈ ನಿಲ್ಲಿಸಿ ನಿಜವಾಗಿಯೂ ಯೋಚಿಸಿದಳು.

"ಸತ್ತವರ ಸಲುವಾಗಿ ಯಾರೂ ಬಹಳ ದಿನ ಸಿಟ್ಟು ಹಿಡಿಯೂದಿಲ್ಲವಾ. ಅಳತಾರ, ಮರೀತಾರ. ಸಿಟ್ಟು ಉಳಿಯೂದು ಬದುಕಿದ್ದವರ ಮ್ಯಾಲೆ. ಆಕಿ ಏನೋ ಒಂದು ಬೇಡಿರತಾಳ. ಕೊಡಾಕ ಬರತಿದ್ರೂ ಅವರು ಕೊಟ್ಟಿರೂದಿಲ್ಲ."

ಸೀಮಾ ಅವಳನ್ನು ಒಂದು ಗಳಿಗೆ ದಿಟ್ಟಿಸಿದಳು. "ಚಲೋ ಐತಿ," ಎಂದು ನೋಟುಬುಕ್ಕು ಎಳೆದುಕೊಂಡಳು. ಅಂದು ನಾಗರತ್ನಾ ಅವಳಿಗೆ ಒಂದು ರೊಟ್ಟಿ ಹೆಚ್ಚಿಗೆ ಬಡಿದು, ಮೇಲೆ ಬೆಣ್ಣೆ ಹಾಕಿದಳು.

ಮುಂದಿನ ರವಿವಾರ ಮಧ್ಯಾಹ್ನ ಪಡಸಾಲೆಯಲ್ಲಿ ಮೆಣಸಿನಕಾಯಿಯ ರಾಶಿ. ನಾಗರತ್ನಾ, ಜಹೀರಾ ಎದುರುಬದುರು ಕೂತು ತೊಟ್ಟು ಮುರಿಯುತ್ತಿದ್ದರು. ಸೀಮಾ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು.

"ಚಿಗವ್ವಾ, ಆಟದಾಗ ಒಂದು ಮುದುಕಿ ಪಾತ್ರ ಐತಿ. ನೀ ಆಡತೀಯೇನ? ಕೇಳಿದ್ದಕ್ಕ ಉತ್ತರಾ ಕೊಡೂದು ಅಷ್ಟ."

"ನನಗೇನ್ ಬರತೈತಿ ಬೇ!" ಎಂದಳು ನಾಗರತ್ನಾ, ಆದರೆ ಸೆರಗು ಸರಿಮಾಡಿಕೊಂಡಳು. ಕೈಯೆಲ್ಲ ಖಾರ. ಸೀಮಾಳೇ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದಳು. ಪರದೆಯ ಮೇಲೆ ಕೋಟೆಯ ಅಂಗಳ. ನಡುವೆ ಸರಪಳಿ ಬಿಗಿದ ಬೆನ್ನು ಬಾಗಿದ ಮುದುಕಿ, ಎದುರಿಗೆ ಕತ್ತಿ ಹಿರಿದ ಕೆಂಡಿ.

ಮೊದಲು ಸೀಮಾ ಕಥೆ ಓದಿದಳು. ಬರಗಾಲವಿಲ್ಲದ ವರ್ಷ, ಹಸಿವಿಲ್ಲದ ಮನೆಯಲ್ಲಿ ಒಬ್ಬ ಮಾಟಗಾತಿ ತನ್ನ ಐದು ದಿನದ ಕೂಸನ್ನು ಒಂದು ಬೊಗಸೆ ನುಚ್ಚಿಗೆ ಮಾರಿದಳು. ನುಚ್ಚನ್ನು ಅಂದೇ ಬೇಯಿಸಿ ತಿಂದಳು. ಮಾರಿದ ಕೂಸನ್ನು ಕೂಲಿಯವಳ ಹಾಗೆ ಸಾಕಿದಳು. ಕೂಸು ಬೇಡಿದ್ದು ಒಂದೇ ಮಾತು. ಮಾಟಗಾತಿ ಕೊಡಲಿಲ್ಲ, ಎದ್ದು ಹೋಗಿ ದನಕ್ಕೆ ನೀರಿಟ್ಟಳು.

ನಾಗರತ್ನಾಳ ಬೆರಳು ತೊಟ್ಟಿನ ಮೇಲೇ ನಿಂತಿತು. ಜಹೀರಾ ತಲೆ ಎತ್ತಿದಳು.

"ಭಾರಿ ಐತಿ ಲೇ!" ಅಂದ ಫಕೀರೇಶ. "ನುಚ್ಚು ತಿಂದ್ಲು ಅನ್ನೂದಂತೂ ಅಗದಿ ಫಸ್ಟ್ ಕ್ಲಾಸ್. ಎಲ್ಲಿಂದ ತಂದಿ?" ಕೂಸು ಉಳಿಯಲೆಂದು ಫಕೀರನಿಗೆ ಹೊತ್ತ ಯಾವುದೋ ಹರಕೆಯಿಂದ ಬಂದ ಹೆಸರಿನವನೇ ಅವನೂ, ಅದನ್ನು ಅವನಿಗೆ ಮನೆಯಲ್ಲಿ ಯಾರೂ ಹೇಳಿರಲಿಲ್ಲ. "ಹೂಂ, ವಿಚಾರಣಿ ಚಾಲೂ. ಮುದುಕಿ, ಕೂಸು ಮಾರಿದ್ದು ಖರೇ ಏನ್ರಿ?"

ನಾಗರತ್ನಾ ಸೀಮಾಳ ಮುಖ ನೋಡಿದಳು. ಅಲ್ಲೇನೂ ಇರಲಿಲ್ಲ. "ಖರೇರಿ," ಅಂದಳು.

"ನುಚ್ಚಿಗೆ ಬೆಲ್ಲ ಹಾಕ್ಕೊಂಡಿದ್ರೋ ಹಂಗ ತಿಂದ್ರೋ?" ಅಂದಳು ಮುಬಶಿರಾ. ಫೋನು ನಗೆಯಿಂದ ಗುಂಯ್ ಎಂದಿತು.

"ಹಂಗ ತಿಂದೇರಿ. ಬಾಣಂತಿ ಇದ್ದೆ." ಆಟ ಎಂದರೂ ಸುಳ್ಳು ಹೇಳುವುದು ಅವಳಿಗೆ ತಿಳಿಯದು.

"ಕೇಳ್ರಿ ತೀರ್ಪು," ಅಂದ ಫಕೀರೇಶ ದಪ್ಪ ದನಿ ತೆಗೆದು. "ಮುದುಕಿ 'ಕೆಂಡಿ ನನ್ನ ಮಗಳು' ಅಂದ್ರ ಸರಪಳಿ ಬಿಚ್ಚತೇವಿ. ಅನ್ನಲಿಲ್ಲಾಂದ್ರ ಕೆಂಡಿ ಆಕಿ ತಲಿ ತಗೀತಾಳ."

ಮೆಣಸಿನಕಾಯಿಯ ಘಾಟಿಗೆ ಜಹೀರಾ ಒಮ್ಮೆ ಕೆಮ್ಮಿದಳು. ನಾಗರತ್ನಾ ಪರದೆಯ ಮೇಲಿನ ಕೆಂಡಿಯನ್ನು ನೋಡಿದಳು. ಗೊಂಬೆ. ಚಿತ್ರಕ್ಕೆ ಉಸಿರಿಲ್ಲ, ಅದರ ಮನೆ ಸಾವಿಗೆ ಗೊತ್ತಿಲ್ಲ. ಸೀಮಾಳ ಮುಖ ನೋಡಿ ಮನಸ್ಸು ಗಟ್ಟಿಮಾಡಿದಳು.

"ಕೆಂಡಿ... ನನ್ನ ಮಗಳು."

ಹದಿನೇಳು ವರ್ಷದಲ್ಲಿ ಮೊದಲ ಸಲ ಆ ಎರಡು ಮಾತು ಅವಳ ಬಾಯಿಂದ ಬಂದಿದ್ದವು. ಮನೆಯ ಮಾಡು ಬೀಳಲಿಲ್ಲ. ಅವಳು ಇನ್ನೇನು ನಗಬೇಕು, ಸೀಮಾ ಫೋನನ್ನು ಇನ್ನೂ ಹತ್ತಿರ ತಂದಳು.

"ಕೆಂಡಿ ಅಲ್ಲ," ಅಂದಳು ಮೆತ್ತಗೆ. "ಸೀಮಾ ಅನ್ನು."

"ಏ, ಕಥಿಯೊಳಗ ಸೀಮಾ ಯಾರು?" ಫಕೀರೇಶ ಕೇಳಿದ. ಸೀಮಾ, "ಅನ್ನು ಚಿಗವ್ವಾ," ಎಂದಳು ಮತ್ತೆ. ಅವನಿಗೆ ತಿಳಿಯಿತು, ತಿಳಿದು ಇನ್ನೂ ಖುಷಿಯಾಯಿತು. "ಅಯ್ಯ, ಖರೇ ಕಥಿ ಏನ ಇದು! ಅನ್ರಿ ಆಂಟಿ, ಅನ್ರಿ! ಹತ್ತು ಎಣಸತೇನಿ. ಒಂದು... ಎರಡು..."

ಉಳಿದವರೂ ಸೇರಿ ಎಣಿಸತೊಡಗಿದರು.

"ಸೀಮಾ, ಬ್ಯಾಡವಾ," ಅಂದಳು ನಾಗರತ್ನಾ. "ಬ್ಯಾರೆ ಏನರ ಕೇಳು. ನನ್ನ ಜೀವಾ ಕೇಳು, ಕೊಡತೇನಿ."

"ನಿನ್ನ ಜೀವಾ ತಗೊಂಡು ನಾ ಏನ್ ಮಾಡ್ಲಿ? ಎರಡು ಮಾತು ಬೇಡಾಕತ್ತೇನಿ."

"ಐದು... ಆರು..."

ಜಹೀರಾ ತಡೆಯಲಾರದೆ ಖಾರದ ಕೈಯನ್ನೇ ಚಾಚಿ ಫೋನು ಹಿಡಿದಳು. "ಆಕಿ ನನ್ನ ಮಗಳು! ನಾ ಬೊಗಸಿ ನುಚ್ಚು ಕೊಟ್ಟು ತಗೊಂಡೇನಿ! ನಾಗರತ್ನಾನ್ನ ಬಿಡ್ರೋ, ಹಾಟ್ಯಾರಾ!"

"ಕೊಂಡಾಕಿನೂ ಸಿಕ್ಲಲ್ಲೋ!" ಮುಬಶಿರಾ ಕಿರುಚಿದಳು. "ಚಾಚಿ, ವಾಪಸ್ ಕೊಟ್ರ ನುಚ್ಚು ತಿರುಗಿ ಸಿಗತೈತೇನ್ರಿ?"

"ಎಂಟು... ಒಂಬತ್ತು..."

ನಾಗರತ್ನಾಳ ಕಣ್ಣ ಮುಂದೆ ಮೂರು ಪುಟ್ಟ ಗುಂಡಿಗಳು ಸಾಲಾಗಿ ನಿಂತವು. ಎರಡನೆಯದಕ್ಕೆ ಹೊದಿಸಿದ ಹಳದಿ ಅರಿವೆಯ ಅಂಚು ಕೂಡ ಕಂಡಿತು.

"ಸೀಮಾ ನನ್..." ಎಂದು ಶುರು ಮಾಡಿ ತಡೆದಳು. ಎದುರಿಗಿದ್ದ ಹುಡುಗಿಯ ಕಣ್ಣು ಒಮ್ಮೆಲೇ ಅರಳಿದ್ದನ್ನು ನೋಡಿದಳು. ನೋಡಿಯೂ ಮುಗಿಸಿದಳು. "ನನ್ನ ಮಗಳಲ್ಲರಿ. ಜಹೀರಾನ ಮಗಳು."

ಸೀಮಾ ಹೆಬ್ಬೆರಳು ಒತ್ತಿದಳು. ಕತ್ತಿ ಬೀಸಿತು. ಮುದುಕಿಯ ತಲೆ ಅಂಗಳದ ಕಲ್ಲಿನ ಮೇಲೆ ಉರುಳಿ, ಎರಡು ಸುತ್ತು ತಿರುಗಿ ನಿಂತಿತು. ಫೋನಿನೊಳಗೆ ಚಪ್ಪಾಳೆ, ಸಿಳ್ಳು. ಸೀಮಾ ಇನ್ನೊಮ್ಮೆ ಒತ್ತಿದಳು. ತಲೆಯಿಲ್ಲದ ಮುದುಕಿಗೆ ಮತ್ತೊಂದು ಏಟು ಬಿತ್ತು. ಆಮೇಲೆ ಇನ್ನೊಂದು.

"ಸಾಕ ಲೇ, ಸತ್ಲು," ಅಂದ ಫಕೀರೇಶ.

ಫೋನು ಆರಿಸಿ ಸೀಮಾ ಎದ್ದಳು. "ಚಲೋ ಆಡಿದಿ ಚಿಗವ್ವಾ. ಎಲ್ಲಾರಿಗೂ ಖರೇ ಅನಿಸ್ತು." ಒಳಗೆ ಹೋಗಿ ಎರಡು ಜೊತೆ ಬಟ್ಟೆ, ಪುಸ್ತಕ ಚೀಲಕ್ಕೆ ತುರುಕಿಕೊಂಡು ಬಂದಳು. "ಇವತ್ತಿಂದ ಅಮ್ಮಿ ಮನ್ಯಾಗ ಇರತೇನಿ. ಮಾರಿದ ಮಾಲು ಕೊಂಡವರ ಮನ್ಯಾಗ ಇರಬೇಕಲ್ಲ?"

"ಸೀಮಾ!" ಜಹೀರಾ ಗದರಿಸಿದಳು.

ನಾಗರತ್ನಾ ಮಾತ್ರ, "ಹೋಗವಾ," ಅಂದಳು. "ನಿಮ್ಮವ್ವನ ಮನಿ ಅದು." ಹೇಳುವಾಗ ಎದೆಯೊಳಗೆ ಏನೋ ಹಗುರಾದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಆ ಹೊಸ್ತಿಲಿನಾಚೆ ಹುಡುಗಿ ಇನ್ನೂ ಸುರಕ್ಷಿತ.

ಇಬ್ಬರೂ ಹೋದ ಮೇಲೆ ಕೈ ತೊಳೆದು ಬಂದಳು. ಸೀಮಾ ಮರೆತ ನೋಟುಬುಕ್ಕು ಗೋಡೆಯ ಹತ್ತಿರ ಬಿದ್ದಿತ್ತು. ನಾಗರತ್ನಾ ಏಳನೆಯ ಇಯತ್ತೆವರೆಗೆ ಓದಿದವಳು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

ಕೆಂಡಿ. ಬೇಕಾದ್ದು: ಎರಡು ಮಾತು. ಕಸಿದವರು: ಹೆತ್ತವಳು. ಬಾಯಿಬಿಟ್ಟು ಹೇಳಲಾರದ ಮಾತು: ಅವ್ವಾ.

ಆ ಕೊನೆಯ ಮಾತಿನ ಮೇಲೆ ಬೆರಳಾಡಿಸಿದಳು. ಖಾರ ಹೋಗಿರಲಿಲ್ಲ, ಉಗುರಿನ ಸಂದಿ ಉರಿಯುತ್ತಿತ್ತು. ಆಮೇಲೆ ಹಾಳೆ ತಿರುವಿದಳು.

ಮಾಟಗಾತಿ. ಬೇಕಾದ್ದು: ನುಚ್ಚು. ಕಸಿದವರು: ಯಾರೂ ಇಲ್ಲ. ಬಾಯಿಬಿಟ್ಟು ಹೇಳಲಾರದ ಮಾತು: ಏನೂ ಇಲ್ಲ.

ಹಾಳೆಗಳ ನಡುವೆ ಪೆನ್ನಿತ್ತು. ನಾಗರತ್ನಾ ಅದನ್ನು ತೆಗೆದುಕೊಂಡಳು. ಕಾಗದಕ್ಕೆ ಕಿವಿಯಿಲ್ಲ, ಅತ್ತೆಯೇ ಹೇಳಿದ್ದಾಳೆ. 'ಏನೂ ಇಲ್ಲ' ಎಂಬುದನ್ನು ಒಂದು ಗೆರೆ ಎಳೆದು ಹೊಡೆದಳು. ಪಕ್ಕದಲ್ಲಿ 'ನ' ಎಂದು ಬರೆದಳು. ಅಷ್ಟರಲ್ಲಿ ಕೈ ನಿಂತಿತು. ನಾಳೆ ನೋಟುಬುಕ್ಕು ಬೇಡಿ ಹುಡುಗಿ ಬರುತ್ತಾಳೆ. ಇದನ್ನು ಓದುತ್ತಾಳೆ. ಮನಸ್ಸಿನಲ್ಲಿ ಓದಿಕೊಂಡು ಸುಮ್ಮನಿರುವವಳಲ್ಲ. ಫೋನು ಹಿಡಿದು ಆ ಗುಂಪಿನ ಮುಂದೆ ಗಟ್ಟಿಯಾಗಿ ಓದುತ್ತಾಳೆ, 'ಚಿಗವ್ವ ಅಂದ್ಲು' ಎಂದು ಊರಿಗೆಲ್ಲ ಕೂಗುತ್ತಾಳೆ. ಕಾಗದಕ್ಕೆ ಕಿವಿಯಿಲ್ಲ, ಆದರೆ ಸೀಮಾಳಿಗೆ ಬಾಯಿದೆ.

'ನ' ಅಕ್ಷರವನ್ನು ಕಾಣದ ಹಾಗೆ ತೀಡಿ ಕಪ್ಪು ಮಾಡಿದಳು. ಅದರ ಮುಂದೆ, ಸಾಲಿ ಹುಡುಗರ ಹಾಗೆ ದುಂಡಗೆ, ಒಂದೊಂದೇ ಅಕ್ಷರವಾಗಿ ಮತ್ತೆ ಬರೆದಳು: ಏನೂ ಇಲ್ಲ.

ನೋಟುಬುಕ್ಕನ್ನು ಸೆರಗಿನಿಂದ ಒರೆಸಿ, ಹುಡುಗಿಯ ಕೈಗೆ ಎಟುಕುವ ಹಾಗೆ ಕಿಟಕಿಯ ಮೇಲಿಟ್ಟು, ಉಳಿದ ಮೆಣಸಿನಕಾಯಿಯ ಮುಂದೆ ಕೂತಳು.