ಸೊನ್ನೆ ಪೇಟೆಂಟಿನ ಬೀದಿ

ನಮ್ಮ ಸರ್ಕಾರಿ ಕಚೇರಿಯಲ್ಲಿ ಒಂದು ಊರಿನ ಬುದ್ಧಿಯನ್ನು ಅಳೆಯುವುದು ನೀರು ಕುಡಿದಷ್ಟು ಸುಲಭ. ಆ ಊರಿನ ವಿಳಾಸದಿಂದ ಎಷ್ಟು ಪೇಟೆಂಟ್ ಆಗಿವೆ ಎಂದು ಎಣಿಸಿ, ಜನಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು. ಹೊಸತನವೂ ಗೊತ್ತಾಯಿತು, ಮುಂದಿನ ಹತ್ತು ವರ್ಷದ ಬೆಳವಣಿಗೆಯೂ ಗೊತ್ತಾಯಿತು. ಆ ಪಟ್ಟಿ ಮಾಡುವವಳು ನಾನೇ. ಪಕ್ಕದ ಊರಿಗೆ ನಲವತ್ತೊಂದು. ನಾನು ಹುಟ್ಟಿ ಬೆಳೆದ ಊರಿಗೆ ಸೊನ್ನೆ.

ಆ ನಲವತ್ತೊಂದನ್ನು ಖುದ್ದಾಗಿ ಹೋಗಿ ನೋಡಿ ಬಂದಿದ್ದೇನೆ. ಬ್ಯಾಂಕಿನ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಒಂದು ದೊಡ್ಡ ಕಂಪನಿಯ ಬೋರ್ಡು, ಕಾಗದ ಜೋಡಿಸುವ ಇಬ್ಬರು ವಕೀಲರು. ಸಂಶೋಧನೆ ನಡೆಯುವುದು ಇನ್ನೆಲ್ಲೋ, ಅರ್ಜಿ ಹೋಗುವುದು ಮಾತ್ರ ಅಲ್ಲಿಂದ. ನೋಡಿ ಮೈಯೆಲ್ಲ ಉರಿಯಿತು.

ನಮ್ಮೂರಿನಲ್ಲಿ ನೀರಿನ ಪಂಪು ರಿಪೇರಿಯ ಬೀದಿಯಿದೆ. ಹತ್ತೊಂಬತ್ತು ಅಂಗಡಿ, ಅದರಲ್ಲಿ ಒಂದು ನನ್ನ ಸೋದರಮಾವನದು. ಯಾರಾದರೂ ಏನಾದರೂ ಹೊಸದು ಮಾಡಿದರೆ ಅದನ್ನು ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಇಡುವುದು ಅಲ್ಲಿನ ರೂಢಿ. ಯಾರು ಬೇಕಾದರೂ ಬಂದು ಅಳತೆ ತೆಗೆದುಕೊಳ್ಳಬಹುದು, ಗೇಲಿ ಮಾಡಬಹುದು, ತಪ್ಪು ಹುಡುಕಬಹುದು. ಹೊಸದು ಮಾಡುವುದರಲ್ಲಿ ಮಾವ ಎತ್ತಿದ ಕೈ. ಮರಳು ನೀರಿಗೂ ಸವೆಯದ, ಸೋರಿಕೆ ತಡೆಯುವ ಅವರ ಸೀಲು ಬೀದಿಗೆಲ್ಲ ಹಬ್ಬಿದ ಮೇಲೆ, ಮೂರು ತಿಂಗಳಿಗೊಮ್ಮೆ ಬರುತ್ತಿದ್ದ ಪಂಪುಗಳು ಎರಡು ವರ್ಷವಾದರೂ ಬರುವುದಿಲ್ಲ. ತಮ್ಮ ಕೈಯಾರೆ ತಮ್ಮ ರಿಪೇರಿಯನ್ನೇ ಕಡಿಮೆ ಮಾಡಿಕೊಂಡ ಜಾಣರಿಗೆ ನನ್ನ ಪಟ್ಟಿಯಲ್ಲಿ ಕಾಲಂ ಇಲ್ಲ.

ಈ ವರ್ಷ ಸರ್ಕಾರ ನಮ್ಮ ತಾಲ್ಲೂಕಿಗೆ ಒಂದು ಪಂಪು ಪರೀಕ್ಷಾ ಕೇಂದ್ರ ಮಂಜೂರು ಮಾಡಿತು. ಅದು ನಮ್ಮೂರಿಗೆ ಬಂದರೆ ಬೀದಿಯವರು ಪ್ರಮಾಣಪತ್ರ ಪಡೆದು ತಾವೇ ಹೊಸ ಪಂಪು ಮಾಡಿ ಮಾರಬಹುದು. ಬರದಿದ್ದರೆ ಇಂದಲ್ಲ ನಾಳೆ ಒಂದೊಂದೇ ಅಂಗಡಿ ಬಾಗಿಲು ಹಾಕಬೇಕು. ಆದರೆ ಕೇಂದ್ರ ಸಿಗಲು ಊರಿನಿಂದ ಒಂದು ಪೇಟೆಂಟ್ ಅರ್ಜಿಯಾದರೂ ಪರಿಶೀಲನೆ ದಾಟಿರಬೇಕಂತೆ. ನಾನು ಸಾಹೇಬರ ಮುಂದೆ ಬೀದಿಯ ವಿಷಯ ಎತ್ತಿದೆ. ಸಂಖ್ಯೆ ಇದ್ದರೆ ತೋರಿಸಿ, ಕತೆ ಬೇಡ ಎಂದರು.

ಮಾವನ ಬೆನ್ನು ಬಿದ್ದೆ. ಆಗಷ್ಟೇ ಅವರು ಕಸ ಸಿಕ್ಕಿದರೆ ತಾನಾಗಿ ಹೊರದಬ್ಬುವ ವಾಲ್ವು ಮಾಡುತ್ತಿದ್ದರು. ಅರ್ಜಿ ಹೋಗುವವರೆಗೆ ಇದನ್ನು ಹೊರಗಿಡಬೇಡಿ, ಯಾರಿಗೂ ಗೊತ್ತಿರಬಾರದು, ಮೊದಲೇ ಜನ ಕಂಡ ವಸ್ತುವಿಗೆ ಪೇಟೆಂಟ್ ಕೊಡುವುದಿಲ್ಲ ಎಂದು ನೂರು ಸಲ ಹೇಳಿದೆ. ಅವರು ಆಯಿತು ಎಂದರು. ಜೊತೆಗೆ ಕೂತು ಚಿತ್ರಗಳನ್ನೆಲ್ಲ ಬರೆದೆವು. ಕೊನೆಯ ಎರಡು ಪುಟ ತುಂಬಿ ಅವರೇ ಕಳಿಸಲಿ ಎಂದು ಬಿಟ್ಟುಬಂದೆ. ಈಗ ತಲೆ ಚಚ್ಚಿಕೊಂಡರೆ ಏನು ಬಂತು?

ಅರ್ಜಿ ತಿರಸ್ಕಾರವಾಯಿತು. ಈ ವಸ್ತುವನ್ನು ಮೊದಲೇ ಯಾರಾದರೂ ನೋಡಿದ್ದಾರೆಯೇ, ಬಳಸಿದ್ದಾರೆಯೇ ಎಂಬ ಪ್ರಶ್ನೆಗೆ ಮಾವ ದುಂಡಗಿನ ಅಕ್ಷರದಲ್ಲಿ ಉತ್ತರಿಸಿದ್ದರು. ಹೌದು, ಹತ್ತೊಂಬತ್ತು ಅಂಗಡಿಯವರೂ ಬಳಸಿ ಮೆಚ್ಚಿದ್ದಾರೆ, ಯಾರನ್ನು ಬೇಕಾದರೂ ಕೇಳಬಹುದು. ಜಾಗ ಸಾಲದೆ ಅಂಚಿನಲ್ಲೆಲ್ಲ ಅವರೆಲ್ಲರ ಫೋನ್ ನಂಬರು. ಓಡಿಹೋಗಿ ಕೂಗಾಡಿದೆ. ಮಾತು ಕೊಟ್ಟಿದ್ದಿರಲ್ಲ ಎಂದೆ.

"ನಾಲ್ಕು ಜನ ತಪ್ಪು ಹುಡುಕದೆ ಇರೋ ಸಾಮಾನನ್ನ ಸರ್ಕಾರಕ್ಕೆ ಹೇಗಮ್ಮ ಕಳಿಸೋದು?" ಎಂದರು. "ಎಡಗಡೆ ಸ್ಪ್ರಿಂಗ್ ನಿಲ್ಲಲ್ಲ ಅಂತ ಹೇಳಿದ್ದೇ ಎದುರು ಅಂಗಡಿಯೋನು. ಇಲ್ದಿದ್ರೆ ಮರ್ಯಾದೆ ಹೋಗ್ತಿತ್ತು."

ಕೇಂದ್ರ ಪಕ್ಕದ ಊರಿಗೆ ಹೋಯಿತು. ಅಲ್ಲಿ ಪರೀಕ್ಷೆ ಮಾಡಲು ಒಂದು ಪಂಪೂ ಇಲ್ಲ.

ಮಾವನಿಗೆ ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡವೆಂದು ಕಚೇರಿಯ ಈ ವರ್ಷದ ವರದಿಯನ್ನು ನಾನೇ ಒಯ್ದೆ. ಅವರು ಕೈಯ ಗ್ರೀಸ್ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ನಮ್ಮೂರಿನ ಹೆಸರು ಹುಡುಕಿ ಗಟ್ಟಿಯಾಗಿ ಓದಿದರು.

"ಈ ಊರಿನಲ್ಲಿ ಹೊಸತನದ ಯಾವ ಲಕ್ಷಣವೂ ಕಂಡುಬಂದಿಲ್ಲ." ತಲೆಯೆತ್ತಿದರು. "ಇದನ್ನ ಬರೆದೋರು ಯಾರು?"

"ನಾನೇ ಮಾವ. ಸೊನ್ನೆ ಬಂದ್ರೆ ಇದೇ ವಾಕ್ಯ ಹಾಕ್ಬೇಕು."

ಬೈಯಲಿ ಎಂದು ಕಾದೆ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಸೇರಿಸಿದರು.

"ಬೀದೀಲಿ ಯಾರಿಗೂ ಹೇಳ್ಬೇಡ," ಎಂದರು. "ಕಚೇರೀಲಿ ನಮ್ಮ ಹುಡುಗಿ ಇದಾಳೆ ಅಂತ ಎಲ್ರೂ ಹೇಳ್ಕೊಂಡು ಓಡಾಡ್ತಿದಾರೆ."