ಅಯ್ನೋರ ಮುಯ್ಯಿ

ಬೆಳಿಗ್ಗೆ ಒಂಬತ್ತಾಗಿತ್ತು, ಎಂಟೂವರೆಗೆ ಬಾರಿಸಬೇಕಾದ ಕೊಟ್ಟಾಲದ ಶಾಲೆಯ ಗಂಟೆ ಇನ್ನೂ ಬಾರಿಸಿರಲಿಲ್ಲ.

ಬಾರಿಸಬೇಕಾದ ಮಾಸ್ತರು ಪಂಚಾಕ್ಷರಯ್ಯ ರಸ್ತೆಬದಿಯ ಬೇವಿನ ಕಟ್ಟೆಯ ಮೇಲೆ, ತಗಡಿನ ಟ್ರಂಕು ಪಕ್ಕದಲ್ಲಿಟ್ಟುಕೊಂಡು, ಮಾಧವರಂ ಕಡೆಯಿಂದ ಆದೋನಿಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದ. ಆಂಧ್ರ ರಾಜ್ಯವಾದ ಮೇಲೆ ಬಂದ ಎರಡನೆಯ ಸಂಕ್ರಾಂತಿ ಕಳೆದು ವಾರವಾಗಿತ್ತು. ಮೊದಲನೆಯದರ ಹೊತ್ತಿಗೇ ಶಾಲೆಯ ಇನ್ನೊಬ್ಬ ಮಾಸ್ತರು ಪತ್ತಿಕೊಂಡದ ಕಡೆಗೆ ವರ್ಗವಾಗಿ ಹೋಗಿದ್ದರು. ಆ ಜಾಗಕ್ಕೆ ಯಾರೂ ಬರಲಿಲ್ಲ. ಒಂದೇ ಕೋಣೆಯಲ್ಲಿ ಐದು ತರಗತಿ. ಚಿಕ್ಕವರಿಗೆ ಅಕ್ಷರ ತಿದ್ದಿಸುವಾಗ ದೊಡ್ಡವರು ಜಗಳಾಡುತ್ತಿದ್ದರು. ದೊಡ್ಡವರಿಗೆ ಭಿನ್ನರಾಶಿ ಹೇಳಿಕೊಡುವಾಗ ಚಿಕ್ಕವರು ಅಳುತ್ತಿದ್ದರು. ಸಂಜೆಯ ಹೊತ್ತಿಗೆ ಗಂಟಲು ಕಟ್ಟುತ್ತಿತ್ತು. ಈಚೆಗೆ ಗಂಟಲು ಸರಿಯಿದ್ದ ದಿನವೂ ಮಾತಾಡಲು ಮನಸ್ಸಾಗುತ್ತಿರಲಿಲ್ಲ. ಹೆಂಡತಿ ವೀರಬಸಮ್ಮ ಹೆರಿಗೆಗೆ ತವರಿಗೆ ಹೊರಟಾಗ, "ನೀವು ನಕ್ಕು ಎಷ್ಟು ದಿನ ಆತ್ರಿ?" ಎಂದು ಕೇಳಿದ್ದಳು. ಅವನಿಗೆ ನೆನಪಾಗಲಿಲ್ಲ.

ಆದೋನಿಯಲ್ಲಿ ಸೋದರಮಾವನ ಹತ್ತಿ ಅಂಗಡಿಯಿತ್ತು, ಅಲ್ಲಿ ಗುಮಾಸ್ತನ ಜಾಗ ಖಾಲಿಯಿತ್ತು. ಹತ್ತಿ ಮೂಟೆಗಳು ಅಳುವುದಿಲ್ಲ, ಜಗಳಾಡುವುದೂ ಇಲ್ಲ. ಅಷ್ಟೇ ಅವನಿಗೆ ಸಾಕಾಗಿತ್ತು.

ಬಸ್ಸಿಗಿಂತ ಮೊದಲು ಭೀಮಕ್ಕ ಬಂದಳು, ಹತ್ತಿ ಬಿಡಿಸಲು ಹೊರಟ ಹೆಂಗಸರ ಗುಂಪಿನ ಮುಂದಾಳಾಗಿ. ಅವರು ಕೂಲಿಯವರಲ್ಲ, ಮುಯ್ಯಾಳುಗಳು. ಇವತ್ತು ಒಬ್ಬರ ಹೊಲಕ್ಕೆ ಎಲ್ಲರೂ ದುಡಿದರೆ ನಾಳೆ ಅವರು ಉಳಿದವರ ಹೊಲಕ್ಕೆ ಬಂದು ಆ ಮುಯ್ಯಿ ತೀರಿಸುತ್ತಾರೆ.

"ಅಯ್ನೋರೆ, ಟ್ರಂಕು ತಗೊಂಡು ಎಲ್ಲಿಗೆ ಹೊಂಟೀರಿ? ಕೂಸು ಹುಟ್ತೇನು?"

"ಇಲ್ಲವ್ವ, ಆದೋನಿಗೆ. ಇನ್ಮ್ಯಾಲ ಮಾವನ ಅಂಗಡ್ಯಾಗ ಇರ್ತೀನಿ."

ಗುಂಪು ನಿಂತಿತು. "ಮತ್ತ ಸಾಲಿ?" ಎಂದಳು ಗಿಡ್ಡಮ್ಮ. ಅವಳ ಇಬ್ಬರು ಮಕ್ಕಳು ಅದೇ ಶಾಲೆಗೆ ಬರುತ್ತಿದ್ದರು.

"ನನ್ನ ಕೈಲಿ ಆಗವಲ್ದವ್ವ. ಐದು ಕ್ಲಾಸು, ಒಂದು ಬಾಯಿ."

ಭೀಮಕ್ಕ ಸಮಾಧಾನದ ಮಾತು ಆಡಲಿಲ್ಲ. ತನ್ನ ರೊಟ್ಟಿ ಗಂಟನ್ನು ಟ್ರಂಕಿನ ಮೇಲಿಟ್ಟಳು. "ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮಳಿಗಾಲಕ್ಕ ಮುಂಚೆ, ಸೋರಬಾರ್ದಂತ, ನಿಮ್ಮ ಮಾಳಿಗಿಗೆ ನಾವೆಲ್ಲ ಸೇರಿ ಮಣ್ಣು ಹಾಕಿದ್ವಲ್ಲ, ಆ ಮುಯ್ಯಿ ಯಾವಾಗ ತೀರಿಸ್ತೀರಿ?"

"ಅದು ಮುಯ್ಯಿನಾ? ಮಾಸ್ತರಂತ ಹಂಗೇ ಹಾಕಿದ್ರಿ ಅನ್ಕಂಡಿದ್ದೆ."

"ಮಾಸ್ತರಿಗೆ ಪುಕ್ಕಟೆ ಅಂತ ಯಾರಂದ್ರು? ಮುಯ್ಯಿ ಬಾಕಿ ಇಟ್ಟು ಊರು ಬಿಡಂಗಿಲ್ಲ. ಬಸ್ಸು ನಾಳೆನೂ ಬರ್ತೈತಿ. ಏಳ್ರಿ."

ಮುಯ್ಯಿ ತೀರಿಸದೆ ಹೋದವನ ಹೆಸರನ್ನು ಆ ಸೀಮೆ ಸುಲಭಕ್ಕೆ ಮರೆಯುತ್ತಿರಲಿಲ್ಲ. ಪಂಚಾಕ್ಷರಯ್ಯ ಟ್ರಂಕನ್ನು ಹತ್ತಿರದ ಮನೆಯಲ್ಲಿಟ್ಟು ಹೊಲಕ್ಕೆ ನಡೆದ.

ಅವನನ್ನು ಭೀಮಕ್ಕ ಮತ್ತು ಗಿಡ್ಡಮ್ಮನ ನಡುವಿನ ಸಾಲಿಗೆ ನಿಲ್ಲಿಸಿದರು. ಧೋತ್ರವನ್ನೇ ಮಡಚಿ ಉಡಿ ಮಾಡಿಕೊಂಡ. ಒಣಗಿದ ಕಾಯಿಯ ತುದಿಗಳು ಬೆರಳಿಗೆ ಚುಚ್ಚಿದವು.

"ಅಯ್ನೋರೆ, ಅದು ಹತ್ತಿ ಐತ್ರಿ, ಹುಡುಗರ ಕಿವಿ ಅಲ್ಲ," ಎಂದಳು ಗಿಡ್ಡಮ್ಮ. "ಹಿಂಡಬ್ಯಾಡ್ರಿ, ಮೆಲ್ಲಕ ಎಳೀರಿ."

ಹೊಲವೆಲ್ಲ ನಕ್ಕಿತು. ಪಂಚಾಕ್ಷರಯ್ಯನೂ ನಕ್ಕ, ನಕ್ಕ ಮೇಲೆ ಹೆಂಡತಿಯ ಪ್ರಶ್ನೆ ನೆನಪಾಯಿತು.

ಸ್ವಲ್ಪ ಹೊತ್ತಿಗೆ ಇನ್ನೊಂದು ಸಂಗತಿ ಅವನ ಗಮನಕ್ಕೆ ಬಂತು. ಅವನ ಕೈ ನಿಧಾನ, ಆದರೂ ಅವನು ಹಿಂದೆ ಬಿದ್ದಿರಲಿಲ್ಲ. ಎಡಕ್ಕಿದ್ದ ಭೀಮಕ್ಕ, ಬಲಕ್ಕಿದ್ದ ಗಿಡ್ಡಮ್ಮ ಮಾತಾಡುತ್ತಲೇ ಅವನ ಸಾಲಿನ ಗಿಡಗಳಿಗೂ ಕೈ ಚಾಚುತ್ತಿದ್ದರು.

ಆಗ ಹಳ್ಳದ ಕಡೆಯಿಂದ ಸೈಕಲ್ಲು ತಳ್ಳಿಕೊಂಡು ಆದೆಪ್ಪ ಬಂದ. ಹಳ್ಳದಾಚೆ, ಅರ್ಧ ಮೈಲಿ ದೂರದ ಚಿಂತಕುಂಟದಲ್ಲಿ ಅವನೂ ಒಬ್ಬನೇ ಮಾಸ್ತರು. ಇಬ್ಬರೂ ಭೇಟಿಯಾಗುತ್ತಿದ್ದುದು ಇನ್‌ಸ್ಪೆಕ್ಟರು ಕರೆದ ಸಭೆಗಳಲ್ಲಿ ಮಾತ್ರ.

"ಏನ್ ಸಾರು, ಇವತ್ತು ಗಂಟೆ ಹೊಡೀಲಿಲ್ಲ? ಮೈಯಾಗ ಹುಷಾರಿಲ್ಲೇನೋ ಅಂತ ಓಡಿ ಬಂದೆ. ನೀವು ನೋಡಿದ್ರ ಹತ್ತಿ ಬಿಡಿಸಾಕತ್ತೀರಿ."

"ನನ್ನ ಗಂಟೆ ನಿಮಗ್ಯಾಕ? ನಿಮ್ಮ ಸಾಲ್ಯಾಗ ಗಡಿಯಾರ ಐತಲ್ಲ."

"ಐತಿ." ಆದೆಪ್ಪ ಸೈಕಲ್ಲನ್ನು ಬದುವಿಗೆ ಒರಗಿಸಿದ. "ಆದ್ರ ಎಷ್ಟೋ ದಿನ ಬಾಗಲಾ ತೆಗಿಯಾಕ ಮನಸೇ ಬರಂಗಿಲ್ರಿ. ಹಳ್ಳದಾಚೆ ನಿಮ್ಮ ಗಂಟೆ ಕೇಳಿಸ್ತೈತಿ. ಅವರು ತೆಗದ್ರು, ನಾನೂ ತೆಗೀಬೇಕು ಅಂತ ಎದ್ದೇಳ್ತೀನಿ. ಇವತ್ತು ಕೇಳಿಸಲಿಲ್ಲ. ನನ್ನ ಹುಡುಗರು ಗೋಲಿ ಆಡಾಕತ್ತಾರ."

ಪಂಚಾಕ್ಷರಯ್ಯನ ಕೈ ನಿಂತಿತು. ವರ್ಷವಿಡೀ ಅವನು ಬಾರಿಸಿದ ಗಂಟೆಗೆ ಆಚೆ ದಡದಲ್ಲಿ ಒಬ್ಬ ಕಿವಿಗೊಟ್ಟಿದ್ದ. ಅದು ಅವನಿಗೆ ಗೊತ್ತೇ ಇರಲಿಲ್ಲ.

"ಮಾತಾಡೋವಾಗ ಕೈ ಖಾಲಿ ಯಾಕ?" ಎಂದು ಭೀಮಕ್ಕ ಆದೆಪ್ಪನಿಗೂ ಒಂದು ಸಾಲು ಕೊಟ್ಟಳು.

ಪಂಚಾಕ್ಷರಯ್ಯ ತನ್ನ ಸಾಲಿಗೆ ಚಾಚಿದ ಕೈಗಳನ್ನು ಮತ್ತೊಮ್ಮೆ ನೋಡಿದ. "ಆದೆಪ್ಪ, ನಿಮಗೆ ಸಣ್ಣ ಹುಡುಗರು ಸುಲಭವೋ, ದೊಡ್ಡವರೋ?"

"ಸಣ್ಣವರು. ಪದ ಹಾಡಿಸ್ತೀನಿ, ಕುಣಿಸ್ತೀನಿ. ಭಿನ್ನರಾಶಿ ಬಂದ್ರ ತಲಿನೋವು."

"ನನಗ ಭಿನ್ನರಾಶಿ ಅಂದ್ರ ಹಬ್ಬ. ಮುಯ್ಯಿ ಮಾಡೋಣ. ಎರಡೂ ಊರಿನ ಸಣ್ಣವರು ನಮ್ಮ ಸಾಲ್ಯಾಗ ನಿಮ್ಮ ಕೈಯಾಗಿರ್ಲಿ. ದೊಡ್ಡವರನ್ನ ಚಿಂತಕುಂಟದಾಗ ನಾ ನೋಡ್ಕಂತೀನಿ."

"ಸಣ್ಣವು ಹಳ್ಳ ದಾಟಬೇಕಲ್ರಿ?"

"ಈಗ ಅದರಾಗ ಮರಳೈತಿ, ನೀರೆಲ್ಲೈತಿ?" ಎಂದಳು ಭೀಮಕ್ಕ. "ಹೊಲಕ್ಕ ಹೋಗೋ ಹೆಂಗಸರು ದಾಟಿಸ್ತಾರ. ಹಳ್ಳ ಬಂದ ದಿನ ಅವರವರ ಸಾಲಿ ಅವರವರಿಗೆ."

"ಇನ್‌ಸ್ಪೆಕ್ಟರು ಬಂದು ಕೇಳಿದ್ರ?"

"ಅವರಿಗೂ ಒಂದು ಸಾಲು ಕೊಡೋಣಂತ," ಎಂದಳು ಭೀಮಕ್ಕ.

ಆದೆಪ್ಪ ನಗಲಿಲ್ಲ. ಅವನು ಹತ್ತಿಯ ಸಾಲಿಗೆ ಇಳಿದಾಗಲೇ ಗಿಡ್ಡಮ್ಮ ಅವನಿಗೆ ಟ್ರಂಕಿನ ಸುದ್ದಿ ಮುಟ್ಟಿಸಿದ್ದಳು. "ಮುಯ್ಯಿ ತೀರಿದ ದಿನ ನೀವು ಬಸ್ಸು ಹತ್ತಿದ್ರ?"

"ಪೂರಾ ತೀರಿಸ್ಕೊಬ್ಯಾಡ್ರಿ," ಎಂದ ಪಂಚಾಕ್ಷರಯ್ಯ. "ನಿಮ್ಮದೊಂದು ದಿನ ನನ್ನ ಮ್ಯಾಲ ಯಾವಾಗ್ಲೂ ಬಾಕಿ ಇರ್ಲಿ."

ಅಷ್ಟರಲ್ಲಿ ರಸ್ತೆಯ ಮೇಲೆ ಧೂಳೆದ್ದಿತು. ಆದೋನಿಯ ಬಸ್ಸು ಬೇವಿನ ಕಟ್ಟೆಯ ಹತ್ತಿರ ನಿಂತು, ಎರಡು ಸಲ ಹಾರನ್ ಬಾರಿಸಿತು.

"ನಿಮ್ಮ ಬಸ್ಸು, ಅಯ್ನೋರೆ," ಎಂದಳು ಗಿಡ್ಡಮ್ಮ.

"ಪೋನೀ, ಹೋಗ್ಲಿ ಬಿಡವ್ವ." ಅವನು ತಲೆಯೆತ್ತಲಿಲ್ಲ. ಸಾಲು ಇನ್ನೂ ಅರ್ಧ ಉಳಿದಿತ್ತು.

ಮರುದಿನ ಎಂಟೂವರೆಗೆ ಕೊಟ್ಟಾಲದ ಶಾಲೆಯ ಗಂಟೆಯನ್ನು ಆದೆಪ್ಪ ಬಾರಿಸಿದ. ಹಳ್ಳದಾಚೆ ಚಿಂತಕುಂಟದಲ್ಲಿ ಪಂಚಾಕ್ಷರಯ್ಯ ಅದನ್ನು ಕೇಳಿ ಬಾಗಿಲು ತೆಗೆದ.