ಸೀಮೆ ಇಲಿಗೆ ಹಾಕಿದ ಹೊಲಿಗೆ

ತಲೆಯ ಮೇಲೆ ಹಸಿ ಗರಿಕೆಯ ಹೊರೆ, ಕೆಳಗೆ ಎರಡು ಕಾಲು, ಹೆಂಗಸಿನ ಮುಖವೇ ಕಾಣದು, ಹೊರೆಗೇ ಕಾಲು ಬಂದು ನಡೆದ ಹಾಗೆ ಸಂತೆಬೀದಿಯ ತಿರುವಿನಲ್ಲಿ ಮರೆಯಾಯಿತು, ಅಷ್ಟು ಗರಿಕೆ ಇದ್ದರೆ ಟೀಚರಮ್ಮನ ಮನೆಯ ಆ ಮೂರು ಪ್ರಾಣಿಗೆ ವಾರವೆಲ್ಲ ಆಗುತ್ತಿತ್ತು — ಮೂರಲ್ಲ, ಈಗ ಎರಡು, ಮರಿಯನ್ನು ಸೇರಿಸಿದರೆ ಮತ್ತೆ ಮೂರು, ಎಂದುಕೊಂಡ ದೊಡ್ಡಬೀರಪ್ಪ, ಅಂದುಕೊಂಡು ತನಗೆ ತಾನೇ ನಾಚಿದ, ಸತ್ತದ್ದನ್ನು ಕಳೆದು ಹುಟ್ಟಿದ್ದನ್ನು ಕೂಡಿಸಿದರೆ ಸರಿಹೋಗುವುದೇ ಇದು. ನಾಲ್ಕು ಗಂಟೆಗೆ ಉರ್ದು ಹೆಣ್ಣುಮಕ್ಕಳ ಶಾಲೆ ಬಿಡುತ್ತದೆ, ಖದೀಜಾ ಟೀಚರಮ್ಮ ಮನೆಗೆ ಬರುತ್ತಾರೆ, ಬಂದವರೇ ಗಂಡು ಸೀಮೆ ಇಲಿಯನ್ನು ಎತ್ತಿ ಉಳಿದಿರುವ ಕಂದು ಹೆಣ್ಣಿನ ಪೆಟ್ಟಿಗೆಗೆ ಬಿಡುತ್ತಾರೆ, ಬೆಳಿಗ್ಗೆ ದನದ ಆಸ್ಪತ್ರೆಯ ಬಾಗಿಲಿಗೇ ಬಂದು ಹೇಳಿ ಹೋದರಲ್ಲ, ಈಗ ಹೊಲಿಗೆ ಹಾಕಿ ಮೂರು ತಿಂಗಳಾಯ್ತು ಬೀರಣ್ಣ, ಇನ್ನು ಭಯ ಇಲ್ಲ ಅಲ್ವಾ, ಪಾಪ, ಎರಡೂ ಒಂಟಿ, ಸಾಯಂಕಾಲ ಸೇರಿಸ್ಬಿಡ್ತೀನಿ. ಅದಕ್ಕವನು ಎತ್ತಿನ ಗೊರಸಿಗೆ ಬೇವಿನೆಣ್ಣೆ ಹಚ್ಚುತ್ತ ತಲೆ ಆಡಿಸಿದ, ಹೌದೆಂದು ಆಡಿಸಿದನೋ ಅಲ್ಲವೆಂದೋ ತನಗೇ ತಿಳಿಯದು — ಸುಳ್ಳು, ತಿಳಿದಿತ್ತು, ಹೌದೆಂದೇ ಆಡಿಸಿದ.

ಅವು ಬಂದದ್ದು ಯುದ್ಧ ಮುಗಿದ ವರ್ಷ, ಟೀಚರಮ್ಮನ ತಮ್ಮ ಮಸ್ತಾನ್ ಮಿಲಿಟರಿ ಕ್ಯಾಂಪಿನ ಅಡಿಗೆಮನೆಯಲ್ಲಿದ್ದ, ಸೀಮೆಗೆ ಹೊರಟ ದೊರೆಸಾನಿಯೊಬ್ಬಳು ಅವನ ಕೈಗೆ ಕೊಟ್ಟು ಹೋದಳು, ಗಿನಿಪಿಗ್ ಅಂತ ಹೆಸರಂತೆ, ಹಂದಿಯೂ ಅಲ್ಲ ಇಲಿಯೂ ಅಲ್ಲ, ಕಿವಿ ಕತ್ತರಿಸಿದ ಮೊಲದ ಹಾಗೆ, ಬಾಲವೇ ಇಲ್ಲ, ಬೀದಿಯವರು ಸೀಮೆ ಇಲಿ ಎಂದರು. ಒಂದು ಗಂಡು, ಎರಡು ಹೆಣ್ಣು. ಹೆಣ್ಣುಗಳು ಒಮ್ಮೆಯೂ ಹೆತ್ತಿಲ್ಲ, ವಯಸ್ಸು ಮೀರಿದೆ, ಇನ್ನು ಬಸಿರಾದರೆ ಸೊಂಟದ ಮೂಳೆ ಅಗಲಿ ಮರಿಗೆ ದಾರಿ ಬಿಡುವುದಿಲ್ಲ, ಸಾಯುತ್ತವೆ, ಗಂಡನ್ನು ದೂರ ಇಡು ಎಂದಿದ್ದಳಂತೆ ದೊರೆಸಾನಿ. ಇದನ್ನೆಲ್ಲ ಟೀಚರಮ್ಮ ಮೊದಲೇ ಹೇಳಿದ್ದರು, ಒಂದು ಮಾತೂ ಬಿಡದೆ ಹೇಳಿದ್ದರು. ದೂರ ಇಟ್ಟರೆ ಗಂಡು ಮೇವು ಬಿಟ್ಟಿದೆ ಬೀರಣ್ಣ, ತಂತಿಗೆ ಮೂಗು ಒತ್ಕೊಂಡು ಇಡೀ ದಿನ ಕೂಗ್ತದೆ, ಹೋರಿಗೆ ಬೀಜ ಒಡೀತೀರಲ್ಲ, ಇದಕ್ಕೂ ಏನಾದ್ರೂ ಮಾಡಿದ್ರೆ ಮೂರೂ ಜೊತೇಲಿರ್ತವೆ. ಡಾಕ್ಟರು ಬರುವುದು ಶನಿವಾರ ಮಾತ್ರ, ಶನಿವಾರ ಬನ್ನಿ ಅಂದಿದ್ದರೆ ಮುಗಿದೇ ಹೋಗುತ್ತಿತ್ತು, ನಾನು ಬರೀ ಕಾಂಪೌಂಡರ್ ಅಂದಿದ್ದರೆ ನಾಲಿಗೆ ಏನು ಸವೆಯುತ್ತಿತ್ತೇ, ಆದರೆ ಬಾಯಿಗೆ ಬಂದದ್ದು ಬೇರೆ, ಅಯ್ಯೋ ಇದೇನ್ ಮಹಾ ಟೀಚರಮ್ಮ, ಅಂಗೈಯಗಲದ ಪ್ರಾಣಿ. ಸಮೇತನಹಳ್ಳಿಯ ಕುರುಬರ ಮನೆಯವನು, ಅಪ್ಪ ಬೈರಣ್ಣ ಬೀಡಿ ಬಾಯಲ್ಲಿಟ್ಟುಕೊಂಡೇ ಟಗರಿನ ಬೀಜ ಒಡೆಯುತ್ತಿದ್ದವನು, ಅನುಗೊಂಡನಹಳ್ಳಿ ಕಡೆಯ ಒಕ್ಕಲುಮಕ್ಕಳು ಹೋರಿ ಹಿಡಿದುಕೊಂಡು ಬಂದರೆ ಡಾಕ್ಟರು ಇಲ್ದಿದ್ರೆ ಓಗ್ಲಿ, ಬೀರಪ್ಪ ಅವ್ನಾ ಎಂದು ಕೇಳುತ್ತಾರೆ — ಆ ಮಾತು ನೆತ್ತಿಗೇರಿತ್ತು. ಹತ್ತಿಗೆ ನಾಲ್ಕು ಹನಿ ಕ್ಲೋರೋಫಾರಂ, ಪ್ರಾಣಿ ಮೆತ್ತಗಾಯಿತು, ಚರ್ಮ ಸೀಳಿ ಬೆರಳಿಟ್ಟ, ಏನೂ ಇಲ್ಲ, ಈಗಷ್ಟೇ ಬೆರಳಿಗೆ ಗೋಲಿಯ ಹಾಗೆ ಸಿಕ್ಕಿದ್ದವು ಎಲ್ಲಿ ಹೋದವು, ಒತ್ತಿದಷ್ಟೂ ಒಳಕ್ಕೆ ಜಾರಿ ಹೊಟ್ಟೆಯೊಳಗೆ ಅಡಗುತ್ತವೆ, ಹೋರಿಗಾಗಲಿ ಟಗರಿಗಾಗಲಿ ಹೀಗಿಲ್ಲ, ಇನ್ನೂ ಕೊಯ್ದರೆ ಕರುಳು, ಜಗುಲಿಯಿಂದ ಟೀಚರಮ್ಮ, ಆಯ್ತಾ ಬೀರಣ್ಣ, ಇವನು, ಆಯ್ತು ಆಯ್ತು. ಮೂರು ಹೊಲಿಗೆ ಹಾಕಿದ, ಎಂಥ ಹೊಲಿಗೆ, ಡಾಕ್ಟರೂ ಮೆಚ್ಚಬೇಕು, ಏನನ್ನೂ ತೆಗೆಯದ ಗಾಯಕ್ಕೆ. ಅವರು ಕರ್ಚೀಫಿನಲ್ಲಿ ಕಟ್ಟಿ ತಂದಿದ್ದ ಖರ್ಜೂರ ಕೊಟ್ಟರು, ಇವನು ತಿಂದ, ಅಲ್ಲೇ ನಿಂತು ಒಂದೊಂದೇ ತಿಂದ.

ಗಾಯ ಒಣಗಿದ ಮೇಲೆ, ಹತ್ತನೆಯ ದಿನವೋ ಏನೋ, ಬಿಳಿ ಹೆಣ್ಣಿನ ಜೊತೆ ಬಿಟ್ಟರು, ಕಂದು ಬಣ್ಣದ್ದಕ್ಕೆ ಕಾಲು ಹುಣ್ಣಾಗಿತ್ತು, ಅದೊಂದು ಬೇರೆ ಉಳಿಯಿತು, ಉಳಿದುಕೊಂಡಿತು. ಎರಡು ತಿಂಗಳಾಗುವ ಹೊತ್ತಿಗೆ ಬಿಳಿಯದರ ಹೊಟ್ಟೆ ಊದಿತು, ಬುಟ್ಟಿಯಲ್ಲಿಟ್ಟುಕೊಂಡು ತಂದರು, ಬೀಜ ತೆಗೆದಾಗಿದೆಯಲ್ಲ, ಬಸಿರಂತೂ ಅಲ್ಲ, ನೀರು ತುಂಬ್ಕೊಂಡಿದೆಯಾ ಬೀರಣ್ಣ, ಇವನ ಬೆರಳಿನ ಕೆಳಗೆ ಒಳಗಿನ ಮರಿ ಒದ್ದಿತು, ಚೆನ್ನಾಗಿಯೇ ಒದ್ದಿತು, ಇವನು ನೀರೇ ಇರ್ಬೇಕು ಎಂದು ಎರಡು ಪೊಟ್ಟಣ ಸೋಡಾಪುಡಿ ಕಟ್ಟಿಕೊಟ್ಟ. ಭಾನುವಾರ ಹೇಳಿಕಳಿಸಿದಾಗ ಹೋದರೆ ಅದು ಬೆಳಗಿನಿಂದ ನರಳುತ್ತಿದೆ, ಟೀಚರಮ್ಮನ ಮಡಿಲಲ್ಲಿ, ಅವರ ದುಪಟ್ಟಾ ಒದ್ದೆ, ಒಂದು ಮರಿ ಹೇಗೋ ಹೊರಬಿತ್ತು, ಇನ್ನೊಂದು ಸಿಕ್ಕಿಕೊಂಡಿತು, ಇವನು ಕುರಿಗೆ ಎಳೆಯುವ ಹಾಗೆ ಎಳೆಯಹೋದ, ಮಧ್ಯಾಹ್ನಕ್ಕೆ ತಾಯಿ ತಣ್ಣಗಾಯಿತು. ಹೇಗಾಯ್ತು ಬೀರಣ್ಣ, ಎಂದು ಅವರು ಕೇಳಿದ್ದು ಆಪಾದನೆಗಲ್ಲ, ತಿಳಿಯದೆ ಕೇಳಿದರು, ಮಕ್ಕಳು ಕೇಳುವ ಹಾಗೆ, ಆಗಲೇ ಆ ಮರಿ — ಬೆಕ್ಕಿನ ಮರಿಯ ಹಾಗಲ್ಲ, ಇಲಿಮರಿಯ ಹಾಗಲ್ಲ, ಮೈತುಂಬ ಕೂದಲು ಹೊತ್ತು, ಎರಡೂ ಕಣ್ಣು ಬಿಟ್ಟುಕೊಂಡೇ ಹುಟ್ಟಿತ್ತು, ಒದ್ದೆ ಮೈಯಲ್ಲಿ ಕೂತು ಇವನನ್ನೇ ನೋಡುತ್ತಿತ್ತು — ಆಗ ಇವನು ಅಂದ, ಒಂದು ತಿಂಗಳು ಬ್ಯಾರೆ ಇಡಿ ಅಂದಿದ್ನಲ್ಲ ಟೀಚರಮ್ಮ, ಬೀಜ ತೆಗೆದ್ರೂ ಮೊದಲಿಂದು ಉಳಿದಿರ್ತದೆ, ನೀವು ಬೇಗ ಬಿಟ್ಬಿಟ್ರಿ. ಅಂದಿರಲಿಲ್ಲ. ಯಾವತ್ತೂ ಅಂದಿರಲಿಲ್ಲ. ಅಂದಿದ್ರಾ, ನಂಗೇ ಮರ್ತೋಯ್ತಾ, ಯಾ ಅಲ್ಲಾ, ನಾನೇ ಕೊಂದ್ಬಿಟ್ಟೆ ಎಂದು ಅವರು ಹಣೆ ಹಿಡಿದುಕೊಂಡರು, ಇವನು ಹೋಗ್ಲಿ ಬಿಡಿ ಟೀಚರಮ್ಮ ಅಂದ, ಕ್ಷಮಿಸಿದವನ ಹಾಗೆ, ಥೂ, ದೊಡ್ಡ ಮನಸ್ಸಿನವನ ಹಾಗೆ.

ಗಂಟೆ ಹೊಡೆಯಿತು, ಶಾಲೆಯದೇ, ಕಾಲು ತಾನಾಗಿ ಹೊರಟಿತು, ಬೇಡ, ಶನಿವಾರ ಡಾಕ್ಟರ ಹತ್ತಿರ ಏನಾದರೂ ಒಂದು ಹೇಳಿ, ಇಲ್ಲ, ಶನಿವಾರಕ್ಕೆ ಎರಡು ದಿನ, ಗಂಡಿಗೆ ಎರಡು ದಿನ ಯಾತಕ್ಕೆ ಬೇಕು, ಅರ್ಧ ಗಳಿಗೆ ಸಾಕು, ಮಸೀದಿ ಬೀದಿ, ಗುಜರಿ ಅಂಗಡಿ, ಏನ್ ಬೀರಪ್ಪ ಓಡ್ತಿದ್ದೀಯಾ ಎಂದು ಯಾರೋ, ಹಸಿರು ಬಾಗಿಲು ತೆರೆದೇ ಇದೆ, ಅಂಗಳದಲ್ಲಿ ಟೀಚರಮ್ಮ ಬುರ್ಖಾ ಕೂಡ ತೆಗೆಯದೆ ಗಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಂದು ಹೆಣ್ಣಿನ ಪೆಟ್ಟಿಗೆಯ ಮೇಲೆ ಬಾಗಿದ್ದಾರೆ. ಬಿಡ್ಬೇಡಿ ಟೀಚರಮ್ಮ, ಬಿಡ್ಬೇಡಿ, ಅದಕ್ಕೆ ಬೀಜ ತೆಗೆದಿಲ್ಲ, ನಂಗೆ ಸಿಗಲಿಲ್ಲ, ಬರೀ ಹೊಲಿಗೆ ಹಾಕ್ದೆ. ಅವರು ಗಂಡನ್ನು ಎದೆಗೆ ಒತ್ತಿಕೊಂಡು ನೆಟ್ಟಗೆ ನಿಂತರು, ಬೈಯಲಿಲ್ಲ, ಬೈದಿದ್ದರೆ ಎಷ್ಟು ಚೆನ್ನಾಗಿತ್ತು, ಒಂದು ತಿಂಗಳು ಅಂದಿದ್ದು, ಎಂದರು. ಅದೂ ಅಂದಿರಲಿಲ್ಲ ಟೀಚರಮ್ಮ. ನಾಲ್ಕು ದಿನದಿಂದ ನಮಾಜಿನಲ್ಲಿ ಮಾಫಿ ಕೇಳ್ಕೊಂತಿದ್ದೀನಿ, ನಾನು ಮಾಡದೇ ಇರೋ ತಪ್ಪಿಗೆ, ಎಂದರು, ಮೆಲ್ಲಗೆ, ಪಾಠ ಓದಿದ ಹಾಗೆ, ಗಂಡನ್ನು ಅದರ ಪೆಟ್ಟಿಗೆಗೇ ಬಿಟ್ಟು ಅಗುಳಿ ಹಾಕಿದರು, ಶನಿವಾರ ಡಾಕ್ಟರ ಹತ್ರ ನಾನೇ ಬರ್ತೀನಿ, ನೀವು ಹೋಗಿ. ಈ ಸಲ ಬೀರಣ್ಣ ಎಂದು ಕರೆಯಲಿಲ್ಲ. ಹೋಗಬೇಕು, ಹೋಗುತ್ತಾನೆ, ಹೊಸಲು ದಾಟಬೇಕು, ಹೇಳಿದ್ದಾಯಿತಲ್ಲ, ಹೇಳಿದರೆ ಹಗುರ ಅನ್ನುತ್ತಾರೆ, ಎಲ್ಲಿ ಹಗುರ, ಗೋಡೆಯ ಬುಡದಲ್ಲಿ ಮರಿ, ಈಗ ಒಣಗಿ ಚೆಂಡಿನ ಹಾಗಾಗಿದೆ, ಗರಿಕೆ ಜಗಿಯುತ್ತಿದೆ, ಇತ್ತ ತಿರುಗಿಯೂ ನೋಡುತ್ತಿಲ್ಲ, ಆದರೆ ಇವನಿಗೆ ಕಾಣುವುದು ಇದಲ್ಲ, ಅದು, ಭಾನುವಾರದ್ದು, ತಾಯಿಯ ಪಕ್ಕದಲ್ಲಿ ಒದ್ದೆಯಾಗಿ ಕೂತದ್ದು, ಇವನು ಅಂದಿದ್ನಲ್ಲ ಟೀಚರಮ್ಮ ಅನ್ನುತ್ತಿದ್ದಾನೆ, ಅದು ನೋಡುತ್ತಿದೆ, ಅಂದಿದ್ನಲ್ಲ, ನೋಡುತ್ತಿದೆ, ಈಗಷ್ಟೇ ಹುಟ್ಟಿದ್ದು, ಎರಡೂ ಕಣ್ಣು ತೆರೆದು —